ಫ್ಲೀಟ್ ಫಾಕ್ಸಸ್: ಕೊರಳುಗಳ ಕಾರುಬಾರು

ರಾಕ್ ಆಲ್ಬಮ್ ಹಾಕಿದರೆ ಸಾಮಾನ್ಯವಾಗಿ ಮೊದಲು ಕಿವಿಗೆ ಬೀಳುವುದು ಗಿಟಾರ್, ಇಲ್ಲವೇ ಡ್ರಮ್. 2008ರ ಜೂನ್‌ನಲ್ಲಿ ಬಂದ ‘ಫ್ಲೀಟ್ ಫಾಕ್ಸಸ್’ ಶುರುವಾಗುವುದು ಬರೀ ಕೊರಳಿನಿಂದ. ವಾದ್ಯದ ಆಸರೆ ಇಲ್ಲದೆ ಕೆಲವು ಧ್ವನಿಗಳು ಒಟ್ಟಿಗೆ ಎದ್ದು, ಒಂದು ಪುಟ್ಟ ಪದ ಹಾಡಿ ಮುಗಿಸುತ್ತವೆ. ಗಿಟಾರ್‌ನ ಸರದಿ ಆಮೇಲೆ. ಅಮೆರಿಕದ ಸಿಯಾಟಲ್‌ನ ಹುಡುಗರ ಚೊಚ್ಚಲ ಆಲ್ಬಮ್ ಇದು. ತಂಡದ ಹೆಸರೇ ಆಲ್ಬಮ್ಮಿಗೂ. ಹನ್ನೊಂದು ಹಾಡು, ನಲವತ್ತು ನಿಮಿಷಕ್ಕೂ ಕಡಿಮೆ. ಈ ಶತಮಾನದಲ್ಲಿ ಜಾನಪದವನ್ನೂ ಹಳೆಯ ರಾಕನ್ನೂ ಬೆಸೆದ ಆಲ್ಬಮ್‌ಗಳು ಬೇಕಾದಷ್ಟು ಬಂದಿವೆ. ನಾನು ಮತ್ತೆ ಮತ್ತೆ ಮರಳುವುದು ಇದರ ಬಳಿಗೆ.

ತಂಡದ ಮೂಲ ಇಬ್ಬರು ಗೆಳೆಯರು. ರಾಬಿನ್ ಪೆಕ್ನಾಲ್ಡ್ ಮತ್ತು ಸ್ಕೈಲರ್ ಶೆಲ್ಸೆಟ್ ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡ್‌ನಲ್ಲಿ ಹೈಸ್ಕೂಲು ಓದುವಾಗ ಬಾಬ್ ಡಿಲನ್, ನೀಲ್ ಯಂಗ್ ಹುಚ್ಚು ಹಿಡಿಸಿಕೊಂಡವರು. ಮನೆಯಲ್ಲಿ ಅಪ್ಪ-ಅಮ್ಮ ಕೇಳುತ್ತಿದ್ದ ಹಾಡುಗಳೇ ಇವರಿಗೆ ಪಾಠವಾದವು: ಬೀಚ್ ಬಾಯ್ಸ್, ಸೈಮನ್ ಆ್ಯಂಡ್ ಗಾರ್‌ಫಂಕಲ್, ಕ್ರಾಸ್ಬಿ-ಸ್ಟಿಲ್ಸ್-ನ್ಯಾಶ್. ಆಲ್ಬಮ್ ಬಂದಾಗ ಹಾಡುಗಳನ್ನು ಬರೆದ ಪೆಕ್ನಾಲ್ಡ್‌ಗೆ ಇಪ್ಪತ್ತೆರಡು. ಕೈಯಲ್ಲಿ ದುಡ್ಡಿರಲಿಲ್ಲ. ನಿರ್ಮಾಪಕ ಫಿಲ್ ಎಕ್ ಜೊತೆಗಿದ್ದರೂ ರೆಕಾರ್ಡಿಂಗ್‌ನ ಬಹುಪಾಲು ನಡೆದದ್ದು ತಂಡದವರ ಬಾಡಿಗೆ ಮನೆಗಳಲ್ಲಿ, ಪೆಕ್ನಾಲ್ಡ್‌ನ ಹೆತ್ತವರ ಮನೆಯ ನೆಲಮಾಳಿಗೆಯಲ್ಲಿ. ಕೊನೆಗೆ ಅದನ್ನು ಹೊರತಂದದ್ದು ಸಿಯಾಟಲ್‌ನದೇ ಸ್ವತಂತ್ರ ಕಂಪನಿ ಸಬ್ ಪಾಪ್. 1989ರಲ್ಲಿ ನಿರ್ವಾಣ ತಂಡದ ಮೊದಲ ಆಲ್ಬಮ್ ‘ಬ್ಲೀಚ್’ ತಂದದ್ದೂ ಇದೇ ಕಂಪನಿ. ಗಂಟಲು ಹರಿಯುವಂತೆ ಕಿರುಚಿ ಹೆಸರು ಮಾಡಿದ ಊರಿನಲ್ಲಿ, ಅದೇ ಮುದ್ರೆಯ ಕೆಳಗೆ, ಇಪ್ಪತ್ತು ವರ್ಷ ಕಳೆಯುವುದರೊಳಗೆ ಈ ಹುಡುಗರು ಸ್ವರಕ್ಕೆ ಸ್ವರ ಹೊಂದಿಸುತ್ತ ಕೂತಿದ್ದರು.

ಆ ಹೊಂದಿಸುವಿಕೆಯೇ ಈ ಆಲ್ಬಮ್ಮಿನ ಜೀವಾಳ. ನಮ್ಮ ಭಜನೆಯಲ್ಲಾಗಲಿ, ಕೋಲಾಟದ ಪದದಲ್ಲಾಗಲಿ ಹತ್ತು ಜನ ಹಾಡಿದರೂ ಹತ್ತೂ ಜನರದು ಒಂದೇ ಸ್ವರ. ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರು ಹಾಗೆಯೇ ಹಿಡಿಯುತ್ತಾರೆ. ಪಾಶ್ಚಾತ್ಯರ ಹಾರ್ಮನಿ ಬೇರೆ ದಾರಿಯದು. ಅದೇ ಅಕ್ಷರವನ್ನು, ಅದೇ ಕ್ಷಣದಲ್ಲಿ, ಒಬ್ಬ ಷಡ್ಜದಲ್ಲಿ, ಇನ್ನೊಬ್ಬ ಗಾಂಧಾರದಲ್ಲಿ, ಮತ್ತೊಬ್ಬ ಪಂಚಮದಲ್ಲಿ ಹಾಡುತ್ತಾನೆ. ರಾಗದ ಎಳೆಯೊಂದನ್ನೇ ಹಿಂಬಾಲಿಸಿ ರೂಢಿಯಾದ ಕಿವಿಗೆ ಮೊದಮೊದಲು ಇದು ಗದ್ದಲವೆನಿಸಬಹುದು. ಒಂದು ಉಪಾಯವಿದೆ: ಮೇಲಿನ ಧ್ವನಿಯನ್ನು ಬಿಟ್ಟುಬಿಡಿ, ತೀರ ಕೆಳಗಿನದನ್ನು ಹಿಡಿದು ಹಾಡಿನುದ್ದಕ್ಕೂ ಹೋಗಿ. ಒಮ್ಮೆ ಅದು ಸಿಕ್ಕಿತೆಂದರೆ ನಡುವಿನ ಧ್ವನಿಗಳು ತಾವಾಗಿಯೇ ಬಿಡಿಬಿಡಿಯಾಗಿ ಕೇಳತೊಡಗುತ್ತವೆ.

ಇದಕ್ಕೆ ಎರಡನೆಯ ಹಾಡು ‘ವೈಟ್ ವಿಂಟರ್ ಹಿಮ್ನಲ್’ಗಿಂತ ಒಳ್ಳೆಯ ಅಭ್ಯಾಸವಿಲ್ಲ. ಎರಡೂವರೆ ನಿಮಿಷದ ಒಳಗಿನ ಹಾಡು. ಸಾಹಿತ್ಯ ಎಂದರೆ ಒಂದೇ ಒಂದು ನುಡಿ, ಅದೇ ಮತ್ತೆ ಮತ್ತೆ ಬರುತ್ತದೆ. ಆರಂಭದಲ್ಲಿ ಒಂದು ಕೊರಳು ಒಂದೇ ಮಾತನ್ನು ತಿರುತಿರುಗಿ ಹೇಳುತ್ತಿರುವಾಗ ಇನ್ನೊಂದು ಬಂದು ಸೇರುತ್ತದೆ, ಆಮೇಲೆ ಮತ್ತೊಂದು. ಎಲ್ಲ ಕೂಡಿದ ಮೇಲೆಯೇ ಡ್ರಮ್ ಬೀಳುವುದು. ಕೇಳಲು ಮಕ್ಕಳ ಪದದಷ್ಟು ಸರಳ. ಒಳಗೆ ಮಾತ್ರ ಹಿಮ, ಬೀಳುವ ದೇಹ, ಕೆಂಪು. ಸ್ವರಗಳ ಮುದ್ದು ಮತ್ತು ಮಾತಿನ ಭಯ ಒಂದನ್ನೊಂದು ಬಿಡದೆ ಜೊತೆಯಲ್ಲೇ ನಡೆಯುತ್ತವೆ. ಚೊಚ್ಚಲ ಆಲ್ಬಮ್ಮಿನಲ್ಲಿ ಇಷ್ಟು ಹಿಡಿತ ಅಪರೂಪ.

ಈ ಹಾಡುಗಾರಿಕೆಯ ಬೇರು ಬರೀ 1960ರ ದಶಕದ ರಾಕ್‌ನಲ್ಲಿಲ್ಲ. ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ‘ಸೇಕ್ರೆಡ್ ಹಾರ್ಪ್’ ಎಂಬ ಭಜನ ಸಂಪ್ರದಾಯವಿದೆ. 1844ರಲ್ಲಿ ಅಚ್ಚಾದ ಅದೇ ಹೆಸರಿನ ಪುಸ್ತಕ ಅದಕ್ಕೆ ಆಧಾರ. ಸ್ವರಲಿಪಿ ಓದಲು ಬಾರದವರೂ ಹಾಡಲೆಂದು ಅದರಲ್ಲಿ ಸ್ವರಗಳನ್ನು ತ್ರಿಕೋನ, ವೃತ್ತ, ಚೌಕ, ವಜ್ರದ ಆಕಾರಗಳಲ್ಲಿ ಬರೆದಿದ್ದಾರೆ. ಹಾಡುವವರು ಚೌಕವಾಗಿ, ಮುಖ ಒಳಗೆ ಮಾಡಿ ಕೂರುತ್ತಾರೆ. ಕೇಳುಗರೆಂದು ಬೇರೆ ಯಾರೂ ಇರುವುದಿಲ್ಲ, ಹಾಡುವವರೇ ಕೇಳುವವರು. ಫ್ಲೀಟ್ ಫಾಕ್ಸಸ್‌ನ ಕೊರಳುಗಳಲ್ಲಿರುವ ಆ ಬಿಚ್ಚು ದನಿ, ಕಂಪನವಿಲ್ಲದೆ ನೇರವಾಗಿ ಸ್ವರಕ್ಕೆ ಹೋಗಿ ನಿಲ್ಲುವ ರೀತಿ, ಬೀಚ್ ಬಾಯ್ಸ್‌ರ ನಯಕ್ಕಿಂತ ಈ ಚೌಕಕ್ಕೇ ಹತ್ತಿರ. ಅದರ ಮೇಲೆ ಪ್ರತಿಧ್ವನಿಯನ್ನು ಧಾರಾಳವಾಗಿ ಬಿಟ್ಟಿದ್ದಾರೆ. ಬಾಡಿಗೆ ಕೋಣೆಯಲ್ಲಿ ಹಾಡಿದ್ದು ಚರ್ಚಿನ ಹಜಾರದಿಂದ ಬಂದಂತಿದೆ.

ಹಾಗಾದರೆ ರಾಕ್ ಎಲ್ಲಿ? ‘ರ್‍ಯಾಗೆಡ್ ವುಡ್’ ಕೇಳಿ. ಕೂಗಿನೊಂದಿಗೆ ಶುರುವಾಗಿ ಡ್ರಮ್ ನಾಗಾಲೋಟಕ್ಕೆ ಬೀಳುತ್ತದೆ. ಇನ್ನೇನು ಹಾಡು ಮುಗಿಯಿತು ಎನ್ನುವಾಗ ಓಟ ನಿಂತು, ಗಿಟಾರ್ ತಂತಿಗಳು ಬಿಡಿಬಿಡಿಯಾಗಿ ಮಿಡಿದು, ಅಲ್ಲಿಂದ ಬೇರೆಯದೇ ಹಾಡು ಹುಟ್ಟುತ್ತದೆ. ಒಂದೇ ಹಾಡಿನೊಳಗೆ ಎರಡು ಹಾಡು ಕಟ್ಟುವ ಈ ಧೈರ್ಯ ಎಪ್ಪತ್ತರ ದಶಕದ ಆಸುಪಾಸಿನ ರಾಕ್‌ನಿಂದ ಬಂದದ್ದು. ಇದರ ಎದುರು ತುದಿಯಲ್ಲಿದೆ ‘ಟೈಗರ್ ಮೌಂಟನ್ ಪೆಸೆಂಟ್ ಸಾಂಗ್’: ಪೆಕ್ನಾಲ್ಡ್‌ನ ಒಂಟಿ ಕೊರಳು, ಬೆರಳಲ್ಲಿ ಮೀಟಿದ ಗಿಟಾರ್, ಅಷ್ಟೇ. ‘ಹರ್ಡ್ ದೆಮ್ ಸ್ಟರಿಂಗ್’ನಲ್ಲಂತೂ ಮಾತೇ ಇಲ್ಲ, ಬರೀ ಆಲಾಪ. ಯಾರೂ ಹೆಸರೆತ್ತದ ಈ ಹಾಡು ನನಗೆ ಆಲ್ಬಮ್ಮಿನ ನಟ್ಟನಡುವಿನ ಕಂಬ.

ಕುಂದಿಲ್ಲ ಎನ್ನಲಾರೆ. ಮಾತು ಇಲ್ಲಿ ಸ್ವರದ ಆಳು. ಬೆಟ್ಟ, ಹಕ್ಕಿ, ಹೊಳೆ, ಅಣ್ಣ-ತಮ್ಮ ಎಂದು ಚಿತ್ರಗಳು ಸಾಲುಗಟ್ಟುತ್ತವೆ, ಆದರೆ ಆ ಬೆಟ್ಟದಲ್ಲಿ ನಡೆದ ಕಾಲಿನ ದೂಳು ಕಾಣುವುದಿಲ್ಲ. ಬ್ಲೂ ರಿಜ್ ಬೆಟ್ಟಸಾಲು ಸಿಯಾಟಲ್‌ನಿಂದ ದೇಶದ ಇನ್ನೊಂದು ತುದಿಯಲ್ಲಿದೆ. ‘ಬ್ಲೂ ರಿಜ್ ಮೌಂಟನ್ಸ್’ ಹಾಡಿನ ಬೆಟ್ಟಗಳು ಹಳೆಯ ರೆಕಾರ್ಡುಗಳಿಂದ ಕಡ ತಂದವು. ಈ ಕೊರತೆ ಪೆಕ್ನಾಲ್ಡ್‌ಗೂ ತಟ್ಟಿರಬೇಕು, 2011ರ ‘ಹೆಲ್ಪ್‌ಲೆಸ್‌ನೆಸ್ ಬ್ಲೂಸ್’ ಆಲ್ಬಮ್ಮಿನಲ್ಲಿ ಆತ ತನ್ನ ಬದುಕನ್ನೇ ಮುಂದಿಟ್ಟುಕೊಂಡು ಬರೆದ.

ಹೊದಿಕೆಯ ಚಿತ್ರ ಮಾತ್ರ ಈ ಸಂಗೀತಕ್ಕೆಂದೇ ಬರೆದಂತಿದೆ. ಅದು ಪೀಟರ್ ಬ್ರೂಗೆಲ್ 1559ರಲ್ಲಿ ಬರೆದ ‘ನೆದರ್ಲೆಂಡಿನ ಗಾದೆಗಳು’. ದೂರದಿಂದ ನೋಡಿದರೆ ಹಳ್ಳಿಯ ಸಂತೆ. ಹತ್ತಿರ ಹೋದರೆ ಒಬ್ಬ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾನೆ, ಒಬ್ಬ ಹಂದಿಯ ಮುಂದೆ ಹೂ ಚೆಲ್ಲುತ್ತಿದ್ದಾನೆ, ಕರು ಬಿದ್ದು ಸತ್ತ ಮೇಲೆ ಒಬ್ಬ ಗುಂಡಿ ಮುಚ್ಚುತ್ತಿದ್ದಾನೆ. ನೂರಕ್ಕೂ ಹೆಚ್ಚು ಗಾದೆಗಳು ಹೀಗೆ ಮೈತಳೆದು ಓಡಾಡುತ್ತಿವೆ.

2008ರ ಕೊನೆಗೆ ಬ್ರಿಟನ್ನಿನ ‘ಅನ್‌ಕಟ್’ ಪತ್ರಿಕೆ ತನ್ನ ಮೊಟ್ಟಮೊದಲ ಸಂಗೀತ ಪ್ರಶಸ್ತಿಯನ್ನು ಈ ಆಲ್ಬಮ್ಮಿಗೆ ಕೊಟ್ಟಿತು. ಕೇಳುವವರು ಇಯರ್‌ಫೋನ್‌ಗಿಂತ ಕೋಣೆಯಲ್ಲಿ ಸ್ಪೀಕರ್ ಇಟ್ಟು ಕೇಳಿ, ಪ್ರತಿಧ್ವನಿಗೆ ಜಾಗ ಸಿಗುತ್ತದೆ. ಮುಗಿದ ಮೇಲೆ ಅದೇ ವರ್ಷದ ‘ಸನ್ ಜೈಂಟ್’ ಎಂಬ ಐದು ಹಾಡುಗಳ ಕಿರು ಆಲ್ಬಮ್ ಹಾಕಿ. ಅದರಲ್ಲಿರುವ ‘ಮಿಕನೋಸ್’ ಈ ಹನ್ನೊಂದರ ಜೊತೆ ಸೇರಬೇಕಿತ್ತು ಎಂಬುದು ನನ್ನ ತಕರಾರು.