ವಿಶ್ವಕೋಶದ ಬಾಗಿಲು

ದೊಡ್ಡ ಕಂಪೆನಿಗಳ ಆಶ್ರಯವಿಲ್ಲದೆ ಹಾಡುವ ರಾಕ್ ವಾದ್ಯವೃಂದವೊಂದಕ್ಕೆ ವಿಶ್ವಕೋಶದಲ್ಲಿ ಸ್ಥಾನವುಂಟೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. 2001ರಲ್ಲಿ ಆರಂಭವಾದ ವಿಕಿಪೀಡಿಯದ ಮುಖ್ಯ ಒರೆಗಲ್ಲು ಇದು: ವೃಂದದೊಡನೆ ಸಂಬಂಧವಿಲ್ಲದ, ನಂಬಲರ್ಹರಾದ ಹಲವರು ಅದನ್ನು ಕುರಿತು ವಿಸ್ತಾರವಾಗಿ ಬರೆದಿರಬೇಕು.

ಅಮೆರಿಕದ ಲೂಯಿವಿಲ್ ನಗರದ 'ಸ್ಲಿಂಟ್' ವೃಂದವನ್ನು ಈ ಕಲ್ಲಿಗೆ ಉಜ್ಜಿ ನೋಡಬಹುದು. ಅದರ ಎರಡನೆಯ ಧ್ವನಿಮುದ್ರಿಕೆಯಾದ 'ಸ್ಪೈಡರ್‌ಲ್ಯಾಂಡ್' 1991ರಲ್ಲಿ ಹೊರಬರುವ ಮೊದಲೇ ವೃಂದವು ಚದರಿಹೋಗಿತ್ತು. ಅದರಲ್ಲಿರುವುದು ಆರೇ ಹಾಡು. ಪಿಸುಮಾತಿನಂಥ ನಿರೂಪಣೆ, ಥಟ್ಟನೆ ಭೋರ್ಗರೆಯುವ ಗಿಟಾರು. ಅದೇ ವರ್ಷ ಸ್ಟೀವ್ ಆಲ್ಬಿನಿಯು ಲಂಡನ್ನಿನ 'ಮೆಲೊಡಿ ಮೇಕರ್' ಪತ್ರಿಕೆಯಲ್ಲಿ ಅದನ್ನು ಮನಸಾರೆ ಹೊಗಳಿದನು. ಆದರೆ ವೃಂದದ ಮೊದಲ ಮುದ್ರಿಕೆಯನ್ನು ಧ್ವನಿಮುದ್ರಣ ಮಾಡಿದವನೂ ಅವನೇ. ಆಪ್ತನ ಸಾಕ್ಷ್ಯವು ಸತ್ಯವಾಗಿರಬಹುದು, ಅದೊಂದೇ ಸಾಲದು. ಕಾಲಕ್ರಮದಲ್ಲಿ ಸಂಬಂಧವಿಲ್ಲದ ವಿಮರ್ಶಕರೂ ಆ ಕೃತಿಯನ್ನು 'ಪೋಸ್ಟ್ ರಾಕ್' ಶೈಲಿಯ ಮೂಲಗಳಲ್ಲಿ ಎಣಿಸಿದರು. 2014ರಲ್ಲಿ ವೃಂದವನ್ನು ಕುರಿತ ಸಾಕ್ಷ್ಯಚಿತ್ರವೂ ಬಂದಿತು.

ಈ ನಡುವೆ ಮುದ್ರಿಕೆಯ ಒಂದು ಸ್ವರವೂ ಬದಲಾಗಲಿಲ್ಲ, ಸಾಕ್ಷಿಗಳು ಹೆಚ್ಚಿದರು. ಆದುದರಿಂದ 1991ರಲ್ಲಿ ಕೋಶಕಾರನೊಬ್ಬನು ಸ್ಲಿಂಟಿಗೆ ಎಡೆಗೊಡದಿದ್ದರೆ ಅದು ಸಂಗೀತದ ಮೇಲಣ ತೀರ್ಪೆನಿಸುತ್ತಿರಲಿಲ್ಲ. ಇಂದು ಎಡೆಗೊಟ್ಟರೆ ಬಿರುದೂ ಅಲ್ಲ. ಪ್ರಸಿದ್ಧಿಯನ್ನು ದಾಖಲಿಸುವುದು ಕೋಶಕಾರನ ಕೆಲಸ; ಪ್ರಸಿದ್ಧಿಗಿಂತ ಮೊದಲು ಗುಣವನ್ನು ಕಂಡು ಹೇಳುವುದು ವಿಮರ್ಶಕನದು. ತರುಣ ಗಾಯಕರ ಕಚೇರಿಗೆ ಹೋಗದೆ, ಕೇಳದೆ, ಬರೆಯದೆ ಇದ್ದ ವಿಮರ್ಶಕನು ಕೋಶದ ಬಾಗಿಲು ಮುಚ್ಚಿತೆಂದು ದೂರುವುದು ನ್ಯಾಯವಲ್ಲ.