ಅನಾನಸಿನ ಕಿಣ್ವವೂ ದ್ವಿಸ್ತರ ಜಲವಿಧಾನವೂ

ಶಿಕಾರಿಪುರಕ್ಕೆ ಹೊಂದಿಕೊಂಡ ಸೊರಬದ ಸೀಮೆಯು ಅನಾನಸಿನ ಬೆಳೆಗೆ ಹೆಸರಾದುದು. ಹಣ್ಣಿನ ತಿರುಳು ಪೇಟೆಯನ್ನು ಸೇರುವುದು, ಸಿಪ್ಪೆಯೂ ನಡುದಿಂಡೂ ಬಹುಮಟ್ಟಿಗೆ ತಿಪ್ಪೆಯನ್ನು ಸೇರುವುವು. ಆದರೆ ಪ್ರೋಟೀನನ್ನು ಒಡೆಯಬಲ್ಲ, ಔಷಧಕ್ಕೂ ಆಹಾರೋದ್ಯಮಕ್ಕೂ ಬೇಕಾದ ಬ್ರೊಮೆಲೈನ್ ಎಂಬ ಕಿಣ್ವವು ಅವುಗಳಲ್ಲಿಯೂ ಇದೆ.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಕೆ. ಎಸ್. ಎಂ. ಎಸ್. ರಾಘವರಾವ್ ಮತ್ತು ಅವರ ಸಹೋದ್ಯೋಗಿಗಳು ಈ ಕಿಣ್ವವನ್ನು ಬೇರ್ಪಡಿಸಲು ಅನುಸರಿಸಿದ ಮಾರ್ಗವು ವಿಚಾರಾರ್ಹವಾದುದು. ನೀರಿನಲ್ಲಿ ಪಾಲಿಎಥಿಲೀನ್ ಗ್ಲೈಕಾಲನ್ನೂ ಪೊಟಾಸಿಯಂ ಫಾಸ್ಫೇಟನ್ನೂ ಒಂದು ಮಿತಿಯನ್ನು ಮೀರಿ ಕರಗಿಸಿದೊಡನೆ, ಲವಣವು ನೀರನ್ನು ತನ್ನೆಡೆಗೆ ಸೆಳೆದುಕೊಂಡು, ದ್ರವವು ಎರಡು ಸ್ತರಗಳಾಗಿ ಒಡೆಯುವುದು; ಅನಾನಸಿನ ರಸವನ್ನು ಬೆರಸಿದಾಗ ಬ್ರೊಮೆಲೈನ್ ಮೇಲಣ ಸ್ತರವನ್ನೂ, ಹಣ್ಣನ್ನು ಕಂದಿಸುವ ಪಾಲಿಫಿನಾಲ್ ಆಕ್ಸಿಡೇಸ್ ಕೆಳಗಣ ಸ್ತರವನ್ನೂ ಆಶ್ರಯಿಸುವುವು. ಇಂತಹ ಒಡೆತವನ್ನು 1896ರಷ್ಟು ಹಿಂದೆಯೇ ವಿಜ್ಞಾನಿ ಬೈಯೆರಿಂಕ್ ಕಂಡಿದ್ದರೂ, ಅದನ್ನು ಜೈವಿಕ ಅಣುಗಳ ವಿಭಜನೆಗೆ ಸಾಧನವಾಗಿಸಿದ ಶ್ರೇಯಸ್ಸು 1950ರ ದಶಕದಲ್ಲಿ ಸ್ವೀಡನ್ನಿನ ಆಲ್ಬರ್ಟ್‌ಸನ್‌ರಿಗೆ ಸಲ್ಲತಕ್ಕದ್ದು.

ಈ ದ್ವಿಸ್ತರ ಜಲವಿಧಾನದ ಪರಮಗುಣವು ಅದರ ಸೌಮ್ಯತೆಯೇ. ಸಾವಯವ ದ್ರಾವಕಗಳ ಸಂಪರ್ಕದಲ್ಲಿ ಕೆಡಬಹುದಾದ ಕಿಣ್ವವು, ಬಹುಭಾಗ ನೀರೇ ಆಗಿರುವ ಸ್ತರಗಳೊಳಗೆ ತನ್ನ ಆಕಾರವನ್ನು ಉಳಿಸಿಕೊಂಡೇ ಹೊರಬರುವುದು. ಶೋಧನೆ, ಸಾಂದ್ರೀಕರಣ, ಶುದ್ಧೀಕರಣಗಳೆಂಬ ಮೂರು ಕಾರ್ಯಗಳೂ ಒಂದೇ ಪಾತ್ರೆಯಲ್ಲಿ ಬಹುಮಟ್ಟಿಗೆ ನೆರವೇರುವುವು. ಸ್ತರಗಳು ಬೇರ್ಪಡಲು ತೆಗೆದುಕೊಳ್ಳುವ ವಿಳಂಬವನ್ನು ವಿದ್ಯುತ್‌ಕ್ಷೇತ್ರದಿಂದಲೂ ಶಬ್ದತರಂಗಗಳಿಂದಲೂ ತಗ್ಗಿಸಲು ರಾಘವರಾವ್ ಅವರು ನಡೆಸಿದ ಪ್ರಯೋಗಗಳು, ಪ್ರಯೋಗಶಾಲೆಯಿಂದ ಕಾರ್ಖಾನೆಗೆ ಹೋಗುವ ಹಾದಿಯನ್ನು ಬಲ್ಲವರ ಪ್ರಯತ್ನಗಳೆಂದು ನಾನು ಗೌರವಿಸುತ್ತೇನೆ.

ಆದರೆ ಯಾವ ಪ್ರೋಟೀನು ಯಾವ ಸ್ತರಕ್ಕೆ ಎಷ್ಟು ಸರಿಯುವುದೆಂಬುದನ್ನು ಇಂದಿಗೂ ಪ್ರಯೋಗದಿಂದಲೇ ಅರಿಯಬೇಕಾಗಿದೆ. ಕಿಣ್ವದೊಡನೆ ಉಳಿದ ಪಾಲಿಎಥಿಲೀನ್ ಗ್ಲೈಕಾಲೆಂಬ ಪಾಲಿಮರನ್ನು ಕಳೆಯಲು ಮತ್ತೊಂದು ಕ್ರಿಯೆ ಬೇಕು. ಇವೆರಡಕ್ಕಿಂತಲೂ ಗುರುತರವಾದ ದೋಷವು ಉಳಿದ ಫಾಸ್ಫೇಟಿನದು. ಕೆರೆಗಳನ್ನು ನಂಬಿ ಬಾಳುವ ಸೊರಬದ ಸೀಮೆಯಲ್ಲಿ ಅಂತಹ ನೀರನ್ನು ಹರಿಯಬಿಟ್ಟರೆ ಪಾಚಿ ಹಬ್ಬಿ, ನೀರಿನ ಪ್ರಾಣವಾಯು ಕುಂದಿ, ಮೀನು ಸಾಯುವುದು. ಫಾಸ್ಫೇಟಿಗೆ ಬದಲಾಗಿ, ಜೀವಾಣುಗಳು ಸುಲಭವಾಗಿ ಅರಗಿಸಿಕೊಳ್ಳಬಲ್ಲ ಸಿಟ್ರೇಟನ್ನು ಬಳಸುವ ಮಾರ್ಗವಿದೆ. ಪಾಲಿಮರನ್ನು ಮರಳಿ ಪಡೆದು ಪುನಃ ಬಳಸುವುದೂ ಸಾಧ್ಯ. ಸೊರಬ, ಶಿಕಾರಿಪುರಗಳಲ್ಲಿ ಈ ಕಿಣ್ವವನ್ನು ತೆಗೆಯುವ ಉದ್ಯಮವನ್ನು ಕೈಗೊಳ್ಳಬಯಸುವವರು ಕಿಣ್ವದ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು, ಉಳಿದ ಲವಣವು ಎಲ್ಲಿಗೆ ಹೋಗುವುದೆಂದು ವಿಚಾರಿಸಬೇಕೆಂದು ಪ್ರಾರ್ಥಿಸುತ್ತೇನೆ.