ಕುದಿಸಬಾರದ ಚಹಾ

ಹಳಿಯಾಳ ಪೇಟೆಯಲ್ಲಿ ಚಹಾ ಅಂದರೆ ಖಡಕ್ ಆಗಿರಬೇಕು. ಪುಡಿ, ಸಕ್ಕರೆ, ಹಾಲು ಒಟ್ಟಿಗೆ ಉಕ್ಕಿ ಉಕ್ಕಿ ಇಳಿಯಬೇಕು. ಮುಂಡಗೋಡದ ಟಿಬೆಟನ್ ಕ್ಯಾಂಪುಗಳಲ್ಲೂ ಕುದಿಸುವ ಪದ್ಧತಿಯೇ, ರೀತಿ ಮಾತ್ರ ಬೇರೆ. 1966ರಲ್ಲಿ ಅಲ್ಲಿ ಟಿಬೆಟನ್ನರ ವಸತಿ ಶುರುವಾಯಿತು. ಡ್ರೆಪುಂಗ್, ಗಾಂದೆನ್ ಮಠಗಳು ಅಲ್ಲೇ ಮತ್ತೆ ತಲೆ ಎತ್ತಿದವು, ಜೊತೆಗೆ ಪೋ ಚಾ, ಅಂದರೆ ಬೆಣ್ಣೆ ಚಹಾ ಕೂಡ ಬಂತು. ಇಟ್ಟಿಗೆಯ ಹಾಗೆ ಅಚ್ಚು ಹಾಕಿದ ಚಹಾವನ್ನು ಮುರಿದು ಗಂಟೆಗಟ್ಟಲೆ ಕುದಿಸಿ, ಆ ಕಷಾಯಕ್ಕೆ ಉಪ್ಪು, ಬೆಣ್ಣೆ ಸೇರಿಸಿ, ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುವುದು ಅದರ ಮೂಲ ವಿಧಾನ. ಆ ಇಟ್ಟಿಗೆ ಚಹಾ ಶತಮಾನಗಳ ಕಾಲ ಚೀನಾದ ಸಿಚುವಾನ್ ಪ್ರಾಂತದ ಯಾಆನ್‌ನಿಂದ ಕೂಲಿಗಳ ಬೆನ್ನ ಮೇಲೆ, ಯಾಕ್‌ಗಳ ಮೇಲೆ ಲಾಸಾ ಕಡೆಗೆ ಸಾಗುತ್ತಿತ್ತು. ಬಲಿತ ಎಲೆ, ಕಡ್ಡಿ ಎಲ್ಲ ಸೇರಿದ ಒರಟು ಸರಕು ಅದು. ಲಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಅಂಥ ನೀರಿನಲ್ಲಿ ಅಂಥ ಎಲೆ ಸಾರ ಬಿಡಬೇಕಾದರೆ ಹೊತ್ತು ಬೇಕೇ ಬೇಕು.

ಅದೇ ಚೀನಾದ ತಿಯೆಗ್ವಾನ್‌ಯಿನ್‌ಗೆ ಈ ಪದ್ಧತಿ ಒಗ್ಗುವುದಿಲ್ಲ. ಇದು ಫುಜಿಯಾನ್ ಪ್ರಾಂತದ ಆನ್‌ಶಿ ಸೀಮೆಯ ಊಲಾಂಗ್ ಚಹಾ. ಹೆಸರಿನಲ್ಲಿರುವ ಗ್ವಾನ್‌ಯಿನ್ ಎಂದರೆ ಅವಲೋಕಿತೇಶ್ವರನನ್ನು ಚೀನೀಯರು ಪೂಜಿಸುವ ಸ್ತ್ರೀರೂಪ. ಮುಂಡಗೋಡದ ಕ್ಯಾಂಪಿನ ಅಜ್ಜಿಯರು ‘ಓಂ ಮಣಿ ಪದ್ಮೇ ಹೂಂ’ ಎಂದು ಜಪಮಾಲೆ ಎಣಿಸುವುದೂ ಅವನಿಗಾಗಿಯೇ, ಚೆನ್ರೆಜಿಗ್ ಎಂಬ ಹೆಸರಿನಲ್ಲಿ. ದೇವರು ಒಬ್ಬನೇ ಆದರೂ ಚಹಾಗಳು ಮಾತ್ರ ಪೂರ್ತಿ ತದ್ವಿರುದ್ಧ.

ಊಲಾಂಗ್ ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನದು. ಎಳೆ ಕುಡಿಯನ್ನಲ್ಲ, ಮೂರ್ನಾಲ್ಕು ಎಲೆ ಬಿಚ್ಚಿಕೊಂಡ ಚಿಗುರನ್ನು ಕೊಯ್ಯುತ್ತಾರೆ. ಬಿಸಿಲಿಗೆ ಬಾಡಿಸಿ, ಬಿದಿರಿನ ಮೊರಗಳಲ್ಲೋ ಉರುಳೆಗಳಲ್ಲೋ ಹಾಕಿ ಕುಲುಕುತ್ತಾರೆ, ಹರವಿ ಸುಮ್ಮನೆ ಬಿಡುತ್ತಾರೆ, ಮತ್ತೆ ಕುಲುಕುತ್ತಾರೆ. ರಾತ್ರಿಯೆಲ್ಲ ಇದೇ ಕೆಲಸ. ಎಲೆಯ ಅಂಚು ಜಜ್ಜಿ ಕೆಂಪಗಾಗುತ್ತದೆ, ನಡುಭಾಗ ಹಸಿರಾಗಿಯೇ ಉಳಿಯುತ್ತದೆ. ಪರಿಮಳ ಹುಟ್ಟುವುದು ಈ ಪೆಟ್ಟಿನಲ್ಲೇ. ಕೊಯ್ದ ಮೇಲೂ ಜೀವ ಹಿಡಿದಿರುವ ಎಲೆ, ಏಟು ಬಿದ್ದಂತೆಲ್ಲ ಇಂಡೋಲ್, ನೆರೋಲಿಡಾಲ್‌ನಂಥ ಸುಗಂಧಗಳನ್ನು ತನ್ನೊಳಗೇ ತಯಾರಿಸುತ್ತದೆ. ಮಲ್ಲಿಗೆಯ ಘಮದಲ್ಲೂ ಇಂಡೋಲ್ ಇದೆ. ಆಮೇಲೆ ಎಲೆಯನ್ನು ಬಿಸಿಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಹೊರಳಿಸಿ ಗುಂಡಗೆ ಮಾಡಿ ಒಣಗಿಸುತ್ತಾರೆ. ಹೂವಿನ ಒಂದು ಎಸಳನ್ನೂ ಸೇರಿಸುವುದಿಲ್ಲ. ಚೀನೀಯರು ಈ ಘಮವನ್ನು ಆರ್ಕಿಡ್ ಹೂವಿಗೆ ಹೋಲಿಸುತ್ತಾರೆ. ನನ್ನ ಮೂಗಿಗೆ ಅದು ನಮ್ಮ ಸುರಗಿ, ಅದೂ ದಂಡೆ ಕಟ್ಟಿ ಒಂದು ದಿನ ಬಾಡಿದ ಸುರಗಿ.

ಹೀಗೆ ಹುಟ್ಟಿದ ಘಮ ಒಲೆಯ ಮೇಲೆ ಕುದಿಸಿದರೆ ಅಡುಗೆಮನೆಯ ಗಾಳಿಗೆ ಹೋಗುತ್ತದೆ, ಕಪ್ಪಿನಲ್ಲಿ ಒಗರು ಮಾತ್ರ ಉಳಿಯುತ್ತದೆ. ಹಾಲು ಹಾಕಿದರಂತೂ ಮುಗಿಯಿತು.

ಚೀನೀಯರ ಗೈವಾನ್ ಎಂಬ ಮುಚ್ಚಳದ ಬಟ್ಟಲು ಇಲ್ಲದಿದ್ದರೆ ತೆಳು ಪಿಂಗಾಣಿಯ ಸಣ್ಣ ಕಪ್ಪು, ಮೇಲೆ ಮುಚ್ಚಲು ಒಂದು ಬಸಿ ಸಾಕು. 100 ಮಿ.ಲೀ. ನೀರಿಗೆ 6 ಗ್ರಾಂ ಎಲೆ. ಮೊದಲು ಬರೀ ಬಿಸಿನೀರಿನಿಂದ ಕಪ್ಪು ಕಾಯಿಸಿ ಚೆಲ್ಲಿ. ಆ ಬಿಸಿ ಕಪ್ಪಿಗೆ ಒಣ ಎಲೆ ಹಾಕಿ, ಬಸಿ ಮುಚ್ಚಿ ಒಮ್ಮೆ ಕುಲುಕಿ, ತೆರೆದು ಮೂಸಿ ನೋಡಿ. ಚಹಾದ ಯೋಗ್ಯತೆ ಅರ್ಧ ಅಲ್ಲೇ ತಿಳಿಯುತ್ತದೆ. ಹಳಿಯಾಳ ಸಮುದ್ರಮಟ್ಟದಿಂದ ಐದೂವರೆ ನೂರು ಮೀಟರಿನಷ್ಟು ಮೇಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಗೆ ಕುದಿಯುತ್ತದೆ. ಕುದಿ ಬಂದೊಡನೆ ಇಳಿಸಿ, ಅರ್ಧ ನಿಮಿಷ ತಾಳಿ, ಎಲೆಯ ಮೇಲೆ ಸುರಿಯಿರಿ. 25 ಸೆಕೆಂಡಿಗೆ ಪೂರ್ತಿ ಬಗ್ಗಿಸಿಬಿಡಿ. ಕಪ್ಪಿನಲ್ಲಿ ನೀರು ನಿಂತರೆ ಮುಂದಿನ ಸುತ್ತು ಕಹಿಯಾಗುತ್ತದೆ. ಮೊದಲ ಸುತ್ತಿನಲ್ಲಿ ಎಲೆಯ ಗುಂಡು ಬಿಚ್ಚಿರುವುದೇ ಇಲ್ಲ, ರುಚಿಯ ತೀರ್ಪು ಆಗಲೇ ಬೇಡ. ಎರಡನೆಯದೂ ಮೂರನೆಯದೂ ನಿಜವಾದ ಚಹಾ. ಆಮೇಲೆ ಪ್ರತಿ ಸಲ ಹತ್ತು ಹದಿನೈದು ಸೆಕೆಂಡು ಹೆಚ್ಚಿಸುತ್ತ ಹೋದರೆ ಒಳ್ಳೆಯ ಎಲೆ ಆರೇಳು ಸುತ್ತು ಬರುತ್ತದೆ.

ನೀರಿನ ವಿಷಯದಲ್ಲಿ ರಾಜಿ ಬೇಡ. ಗಡಸು ಬೋರ್‌ವೆಲ್ ನೀರಿನಲ್ಲಿ ಚಹಾದ ಮೇಲೆ ಕೆನೆಯಂಥ ಪೊರೆ ಕಟ್ಟಿ ಘಮ ಅಡಗಿಹೋಗುತ್ತದೆ. ಜೊಯಿಡಾ ಕಡೆಯ ಜಂಬಿಟ್ಟಿಗೆ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಅಲ್ಲಿ ನೆಂಟರಿದ್ದರೆ ಒಂದು ಕ್ಯಾನು ತರಿಸಿಕೊಳ್ಳಿ.

ಕೈ ಪಳಗುವವರೆಗೆ ನೀಲಗಿರಿಯ ಊಲಾಂಗ್ ಸಾಕು, ಅಲ್ಲಿನ ಕೆಲವು ತೋಟಗಳು ಚೆನ್ನಾಗಿಯೇ ಮಾಡುತ್ತವೆ. ತಿಯೆಗ್ವಾನ್‌ಯಿನ್ ತರಿಸುವವರು ಗಾಳಿ ತೆಗೆದ ಏಳೆಂಟು ಗ್ರಾಮಿನ ಸಣ್ಣ ಪೊಟ್ಟಣಗಳನ್ನೇ ಕೇಳಿ. ದಾಂಡೇಲಿ, ಜೊಯಿಡಾದ ಮಳೆಗಾಲದಲ್ಲಿ ತೆರೆದಿಟ್ಟ ಎಲೆ ತೇವ ಎಳೆದುಕೊಂಡು ಘಮ ಕಳೆದುಕೊಳ್ಳುತ್ತದೆ, ಪಕ್ಕದ ಮಸಾಲೆ ಡಬ್ಬಿಯ ವಾಸನೆಯನ್ನೂ ಹಿಡಿಯುತ್ತದೆ. ಆ ನಾಲ್ಕು ತಿಂಗಳಿಗೆ ಹಸಿರು ಬಣ್ಣದ್ದಕ್ಕಿಂತ ಕೆಂಡದಲ್ಲಿ ಹದವಾಗಿ ಹುರಿದ ಹಳೆಯ ಬಗೆಯ ತಿಯೆಗ್ವಾನ್‌ಯಿನ್ ಕೊಳ್ಳುವುದು ಮೇಲು. ಅದು ತಾಳುತ್ತದೆ.